ಬಾಯಿ ಬಿಡದ ಬೀದಿ

ತುಂಗಾ ಅವರ ಗಂಡನ ಕಣ್ಣಿನ ಪೊರೆ ತೆಗೆಸಿದ ದಿನವೇ ಕ್ರಿಕೆಟ್ ಫೈನಲ್ ಇತ್ತು. ಅವರು ಒಂದು ವಾರ ಟೀವಿ ನೋಡುವಂತಿರಲಿಲ್ಲ. ತುಂಗಾ ಪಂದ್ಯವನ್ನು ಸೆಟ್‌ಟಾಪ್ ಬಾಕ್ಸಿನಲ್ಲಿ ರೆಕಾರ್ಡ್ ಮಾಡಿಟ್ಟರು.

"ನಾನು ನೋಡೋವರೆಗೆ ಯಾರು ಗೆದ್ದರು ಅಂತ ಯಾರೂ ಹೇಳಕೂಡದು" ಎಂದು ಗಂಡ ಮೊದಲೇ ತಾಕೀತು ಮಾಡಿದ್ದರು. ಇಡೀ ಬೀದಿ ಆ ಮಾತನ್ನು ನಡೆಸಿಕೊಟ್ಟಿತು. ಹೂವಿನವಳು ಬಾಗಿಲಲ್ಲಿ ಪಿಸುಮಾತಿನಲ್ಲೇ ಹೂ ಅಳೆದುಕೊಟ್ಟಳು. ಪಕ್ಕದ ಮನೆಯವರು ತಮ್ಮ ಪಟಾಕಿಯನ್ನು ಎರಡು ಬೀದಿ ಆಚೆ ಹೋಗಿ ಹಚ್ಚಿ ಬಂದರು.

ಹೊಸ ಕಣ್ಣಿಗೆ ಆಟ ಚೆನ್ನಾಗಿ ಕಾಣಲೆಂದು ತುಂಗಾ ಎಚ್‌ಡಿ ಬಾಕ್ಸ್ ತರಿಸಿದರು. ಟೆಕ್ನಿಷಿಯನ್ ಅದನ್ನು ಜೋಡಿಸಿ, ಹಳೆಯದನ್ನು ಚೀಲಕ್ಕೆ ಹಾಕಿಕೊಂಡ.

"ಇದರಲ್ಲಿ ನಮ್ಮ ಮ್ಯಾಚ್ ಎಲ್ಲಪ್ಪಾ?"

"ಅದು ಹಳೇದ್ರಲ್ಲೇ ಉಳೀತಮ್ಮ. ಹೊಸದಕ್ಕೆ ಬರಲ್ಲ."

"ಹಾಗಾದ್ರೆ ಹಳೇದನ್ನೇ ಹಾಕಿಬಿಡು."

"ಅದರ ಕನೆಕ್ಷನ್ ಬಂದ್ ಮಾಡಿಯಾಯ್ತು. ಇನ್ನು ರೆಕಾರ್ಡಿಂಗ್ ಓಪನ್ ಆಗಲ್ಲ."

ತುಂಗಾ ಕುರ್ಚಿಯಲ್ಲಿ ಕುಸಿದು ಕೂತರು. "ರೀ, ನಿಮ್ಮ ಮ್ಯಾಚ್ ನನ್ನ ಕೈಯಾರೆ ಕಳೆದುಬಿಟ್ಟೆ."

ಕಪ್ಪು ಕನ್ನಡಕ ಹಾಕಿಕೊಂಡಿದ್ದ ಗಂಡ ಅಲುಗಾಡಲಿಲ್ಲ. "ಬಿಡೇ, ಹೇಗೂ ನಾವೇ ಗೆದ್ದಿದ್ದೀವಿ."

"ಅಯ್ಯೋ! ಯಾರ್ರೀ ಹೇಳಿದ್ದು? ಆ ಹೂವಿನವಳಾ?"

"ಅವಳನ್ನ ಬೈಬೇಡ. ಎಲ್ಲರೂ ಪಾಪ ಇಷ್ಟು ಕಷ್ಟಪಟ್ಟು ಬಾಯಿ ಕಟ್ಟಿಕೊಂಡಿದ್ರು. ನನಗೆ ಗೊತ್ತು ಅನ್ನೋಕೆ ಮನಸ್ಸು ಬರಲಿಲ್ಲ."

"ಮತ್ತೆ ಹೇಳಿದ್ದು ಯಾರು?"

"ಡಾಕ್ಟರು. ನನ್ನನ್ನ ಟೇಬಲ್ ಮೇಲೆ ಮಲಗಿಸಿ, ಕೊನೇ ಓವರ್ ಮುಗಿದ ಮೇಲೇ ಕಣ್ಣಿಗೆ ಕೈ ಹಾಕಿದ್ದು."