ಬಳಕೆಗೆ ಸಿದ್ಧ

ಪೆಟ್ಟಿಗೆಯೊಳಗೆ ಇಣುಕಿದ ಸುಂಕದ ಅಧಿಕಾರಿ ತಲೆಯೆತ್ತದೆಯೇ, "ಇದು ಕುರ್ಚಿ ಅಲ್ವಲ್ಲಮ್ಮಾ," ಎಂದರು.

ಅದು ಕುರ್ಚಿಯಾಗದಂತೆ ನೋಡಿಕೊಂಡವಳು ಅಕ್ಕನೇ. ಬಂದರಿನ ಗೋದಾಮಿನಿಂದ ಊರವರ ಸರಕು ಬಿಡಿಸಿಕೊಡುವ ಏಜೆಂಟ್ ಅವಳು. ಇಡೀ ಯಂತ್ರ ತಂದರೆ ಪೂರ್ತಿ ಸುಂಕ, ಬಿಚ್ಚಿ ಬಿಡಿಭಾಗವೆಂದು ತಂದರೆ ರಿಯಾಯಿತಿ ಎನ್ನುವುದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದಳು. ತಮ್ಮನಿಗೆಂದು ಬ್ಯಾಟರಿಯ ಗಾಲಿಕುರ್ಚಿ ತರಿಸುವಾಗಲೂ ಅಷ್ಟೇ, ಒಂದು ತಿರುಪೂ ಇನ್ನೊಂದಕ್ಕೆ ಕಚ್ಚಿಕೊಂಡಿರಬಾರದೆಂದು ಕಂಪನಿಗೆ ಒತ್ತಿ ಹೇಳಿದ್ದಳು. ಹಡಗು ಇನ್ನೂ ನಡುನೀರಿನಲ್ಲಿದ್ದಾಗ ಸರ್ಕಾರ ನಿಯಮಕ್ಕೆ ತಿದ್ದುಪಡಿ ತಂದಿತು. ಗಾಲಿಕುರ್ಚಿ ಇಡಿಯಾಗಿದ್ದರೆ ಸುಂಕವೇ ಇಲ್ಲ. ಬಿಡಿಭಾಗಕ್ಕಿದ್ದ ರಿಯಾಯಿತಿ ರದ್ದು. ಈಗ ಬೀಳುವ ಸುಂಕ ಕಟ್ಟುವುದು ಅವಳ ಕೈಲಾಗದ ಮಾತು. ಕಟ್ಟದಿದ್ದರೆ ಪೆಟ್ಟಿಗೆ ಬಂದ ದಾರಿಯಲ್ಲೇ ವಾಪಸ್ಸು.

ತೂಕದ ಯಂತ್ರದ ಪಕ್ಕದಲ್ಲಿ ತಮ್ಮ ತನ್ನ ಹಳೆಯ ತಳ್ಳುಕುರ್ಚಿಯಲ್ಲಿ, ಮದುವೆಗೆ ಹೊರಟವನ ಹಾಗೆ ಇಸ್ತ್ರಿ ಅಂಗಿ ತೊಟ್ಟು ಕುಳಿತಿದ್ದ. ಅವನು ಲೆಕ್ಕದ ಮೇಷ್ಟ್ರು. ಶಾಲೆ ದಿಬ್ಬದ ಮೇಲೆ. ಬೆಳಿಗ್ಗೆ ಅಕ್ಕ ತಳ್ಳಿ ಹತ್ತಿಸಬೇಕು, ಸಂಜೆ ಅಕ್ಕ ಹಿಡಿದು ಇಳಿಸಬೇಕು. ಅವಳಿಗೆ ಜ್ವರ ಬಂದರೆ ಅವನ ತರಗತಿಗೆ ರಜೆ. ಇನ್ನೊಮ್ಮೆ ಹೀಗಾದರೆ ಬೇರೆ ಮೇಷ್ಟ್ರನ್ನು ಹುಡುಕಬೇಕಾಗುತ್ತದೆಂದು ಶಾಲೆಯವರು ಬಹಳ ನಯವಾಗಿ ಹೇಳಿಯಾಗಿತ್ತು.

"ಬಿಡೇ ಅಕ್ಕ," ಎಂದ ತಮ್ಮ. "ನಾನಾದ್ರೂ ಇಡಿಯಾಗಿದ್ದೀನಲ್ಲ, ನನಗಂತೂ ಸುಂಕ ಬೀಳಲ್ಲ."

ಅವಳಿಗೆ ನಗು ಬರಲಿಲ್ಲ. ಬೇರೆಯವರ ಸರಕಿಗಾಗಿ ಇಷ್ಟು ವರ್ಷ ಆಡಿದ್ದ ಮಾತುಗಳನ್ನೆಲ್ಲ ಇವತ್ತು ತನಗಾಗಿ ಆಡಿದಳು. ತಪ್ಪು ತನ್ನದೇ ಎಂದಳು, ಕೊನೆಗೆ ಕೈಯನ್ನೂ ಮುಗಿದಳು. ಆದರೆ ಎದುರಿಗಿದ್ದವರು ಅಲ್ಪವಿರಾಮ. ಒಂದು ಅಲ್ಪವಿರಾಮ ತಪ್ಪಿದ್ದಕ್ಕೆ ಇಡೀ ಹಡಗಿನ ಸರಕು ತಡೆಹಿಡಿದವರೆಂದು ಏಜೆಂಟರು ಅವರ ಬೆನ್ನ ಹಿಂದೆ ಇಟ್ಟ ಹೆಸರು ಅದು. ಅವರು ಕನ್ನಡಕ ಏರಿಸಿ, ತಿದ್ದುಪಡಿಯ ಸಾಲನ್ನು ಬೆರಳಿಟ್ಟು ಓದಿದರು.

"‘ತಪಾಸಣೆಯ ವೇಳೆಯಲ್ಲಿ, ಬಳಕೆಗೆ ಸಿದ್ಧವಾಗಿರುವ ಗಾಲಿಕುರ್ಚಿ.’ ಹಡಗಲ್ಲಿ ಬರುವಾಗ ಹೇಗಿರಬೇಕು ಅಂತ ಇದರಲ್ಲಿ ಹೇಳಿಲ್ಲ."

"ಈಗ ನಡೀತಿರೋದು ತಪಾಸಣೆ ತಾನೇ ಸರ್?"

"ಯಾರು ಹೇಳಿದ್ದು? ನಾನಿನ್ನೂ ಟೀ ಕುಡಿದಿಲ್ಲ." ಅವರು ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. "ಟೀ ಕುಡೀದೆ ನಾನು ಪೆಟ್ಟಿಗೆ ಮುಟ್ಟಿದ್ದನ್ನ ಯಾವತ್ತಾದ್ರೂ ನೋಡಿದ್ದೀರಾ?"

ಅವರು ಕ್ಯಾಂಟೀನಿನ ಕಡೆ ನಡೆದರು. ಅಕ್ಕ ನೆಟ್ಟ ಕಂಬದಂತೆ ನಿಂತೇ ಇದ್ದಳು. ತಮ್ಮನೇ ಕೂಗಬೇಕಾಯಿತು: ಜೋಡಿಸೋಕೆ ಬಿಟ್ಟು ಹೋಗಿದ್ದಾರೆ ಕಣೇ, ಶುರು ಮಾಡು.

ಹೊರದೇಶದಿಂದ ಬರುವ ಯಂತ್ರಗಳನ್ನು ವರ್ಷಗಟ್ಟಲೆ ಬಿಚ್ಚಿಸಿದವಳಿಗೆ ಒಂದನ್ನಾದರೂ ಜೋಡಿಸಿ ಗೊತ್ತಿರಲಿಲ್ಲ. ಪ್ರತಿ ಭಾಗಕ್ಕೆ ಎಷ್ಟು ಸುಂಕವೆಂದು ಗೊತ್ತು, ಅದು ಎಲ್ಲಿ ಕೂರುತ್ತದೆಂದು ಗೊತ್ತಿಲ್ಲ. ಸೀರೆಯ ಸೆರಗು ಸಿಕ್ಕಿಸಿ ಸಿಮೆಂಟ್ ನೆಲದ ಮೇಲೆ ಕುಳಿತಳು. ಪೆಟ್ಟಿಗೆಯಲ್ಲಿದ್ದ ಕೈಪಿಡಿ ಹಿಡಿದು ತಮ್ಮ, ಬೋರ್ಡಿನ ಮುಂದೆ ನಿಂತ ಹುಡುಗನಿಗೆ ಹೇಳುವಂತೆ ಒಂದೊಂದೇ ಹೇಳಿದ, ತಪ್ಪಿದಾಗ ಗದರಿದ. ಗಾಲಿ ಒಮ್ಮೆ ಹಿಂದುಮುಂದಾಯಿತು, ಬೆರಳೊಂದು ಜಜ್ಜಿಹೋಯಿತು. ಅಲ್ಪವಿರಾಮರ ಟೀ ಮಾತ್ರ ಮುಗಿಯಲೇ ಇಲ್ಲ. ಎಲೆ ಚಿಗುರಿದ ಮೇಲೆ ಕೊಯ್ದು ತರುತ್ತಿದ್ದರೋ ಏನೋ.

ಅವರು ಬಾಯೊರೆಸಿಕೊಳ್ಳುತ್ತ ಬಂದಾಗ ಕುರ್ಚಿ ನಿಂತಿತ್ತು. ಅಕ್ಕ ತಮ್ಮನ ಕಂಕುಳಿಗೆ ಕೈಕೊಟ್ಟು ಎತ್ತಿ ಅದರಲ್ಲಿ ಕೂರಿಸಿದಳು. ಅವನು ಸನ್ನೆಕೋಲನ್ನು ಮುಂದಕ್ಕೊತ್ತಿದ. ದೀಪ ಹೊತ್ತಿತು, ಒಳಗೆಲ್ಲೋ ಮೋಟಾರು ಗುಂಯ್ಗುಟ್ಟಿತು. ಕುರ್ಚಿ ಇದ್ದಲ್ಲಿಯೇ ಇತ್ತು.

"ನಿಂತಿದೆ, ಸರಿ," ಎಂದರು ಅಧಿಕಾರಿ. "ಬಳಕೆಗೆ ಸಿದ್ಧ ಅಂದ್ರೆ ಓಡಬೇಕಲ್ಲಮ್ಮ."

ತಮ್ಮ ಬಗ್ಗಿ ಗಾಲಿಯ ಪಕ್ಕ ನೋಡಿದ. ಅಲ್ಲೊಂದು ಕೆಂಪು ಹಿಡಿ ಇತ್ತು. ಮೇಲಿದ್ದರೆ ಮೋಟಾರು ಗಾಲಿಯನ್ನು ತಿರುಗಿಸುತ್ತದೆ. ಕೆಳಗಿದ್ದರೆ ಗಾಲಿ ಸಡಿಲ, ಹಿಂದಿನಿಂದ ಯಾರಾದರೂ ತಳ್ಳಬೇಕು. ಜೋಡಿಸುವಾಗ ಗಾಲಿ ಕೈಗೆ ಹಗುರವಾಗಲಿ ಎಂದು ಅವಳೇ ಅದನ್ನು ಕೆಳಗೆ ಒತ್ತಿದ್ದಳು.

"ನೀನು ತಳ್ಳೋ ಹಾಗೆ ಜೋಡಿಸಿದ್ದೀಯಲ್ಲೇ," ಎಂದ ತಮ್ಮ, ಮೆಲ್ಲಗೆ.

ಅವಳು ಹಿಡಿಯನ್ನು ಮೇಲಕ್ಕೆತ್ತಿದಳು. ಕುರ್ಚಿ ಒಮ್ಮೆ ಮುಗ್ಗರಿಸಿದಂತಾಗಿ ಹೊರಟಿತು. ತೂಕದ ಯಂತ್ರವನ್ನು ಒಂದು ಸುತ್ತು ಹಾಕಿತು, ಅಲ್ಪವಿರಾಮರ ಬೂಟಿಗೆ ತಗಲುವಷ್ಟರಲ್ಲಿ ನಿಂತಿತು. ಅವರು ಒಂದು ಹೆಜ್ಜೆ ಹಿಂದೆ ಸರಿದು, ಮುದ್ರೆಗೆ ಕೈ ಹಾಕಿದರು. ಒತ್ತುವಾಗ ಅವರ ಮುಖದಲ್ಲಿ ಏನೂ ಇರಲಿಲ್ಲ. ಒತ್ತಿದ ಮೇಲೆ ಮಾತ್ರ, ಸುಂಕವಿಲ್ಲ ಎಂದು ಬರೆಯುವುದಕ್ಕೂ ಇಷ್ಟು ಟೀ ಬೇಕಾಗುತ್ತದೆಂದು ತಮಗೇ ಗೊತ್ತಿರಲಿಲ್ಲ ಎಂದರು.

ತಮ್ಮ ಆಗಲೇ ಗೇಟು ದಾಟಿದ್ದ. ಸರಕೆಲ್ಲಿ ಎಂದು ಕೇಳಿದ ಕಾವಲುಗಾರನಿಗೆ, ಅದರ ಮೇಲೇ ಕೂತಿದ್ದೀನಲ್ಲಪ್ಪ ಎನ್ನುತ್ತಿದ್ದದ್ದು ಒಳಗೂ ಕೇಳಿಸಿತು.

"ಹಳೇದನ್ನ ಇಲ್ಲಿ ಬಿಡಬೇಡಿ," ಎಂದರು ಅಧಿಕಾರಿ.

ಅಕ್ಕ ತಳ್ಳುಕುರ್ಚಿಯ ಹಿಂದೆ ಬಂದು ನಿಂತಳು, ಸವೆದ ಹಿಡಿಗಳನ್ನು ಹಿಡಿದಳು, ಎಂದಿನಂತೆ ಮೈಭಾರವನ್ನೆಲ್ಲ ಹಾಕಿ ತಳ್ಳಿದಳು. ಖಾಲಿ ಕುರ್ಚಿ ಅವಳ ಕೈತಪ್ಪಿಸಿಕೊಂಡು ಗೇಟಿನ ಕಡೆ ಓಡಿತು.