ಹಿಂದಿನ ಸೀಟು

ಆ ತಿಂಗಳು ಸೇಲ್ಸ್‌ಮನ್ ಲೋಹಿತನ ಕೈಯಲ್ಲಿ ಒಂದು ಬೈಕೂ ಮಾರಾಟವಾಗಿರಲಿಲ್ಲ. ಅಷ್ಟರಲ್ಲಿ ಹಿರಿಯರೊಬ್ಬರು ಷೋರೂಮಿಗೆ ಬಂದರು.

"ಹಗುರವಾಗಿರಬೇಕು, ಓಡಿಸೋಕೆ ಮಜಾ ಇರಬೇಕು. ಅಪರೂಪಕ್ಕೆ ಹಿಂದೆ ಒಬ್ಬರು ಕೂರ್ತಾರೆ. ನೀನೇ ಓಡಿಸಪ್ಪ, ನಾನು ಹಿಂದೆ ಕೂತು ನೋಡ್ತೀನಿ."

ಲೋಹಿತ ಅಂಥದ್ದೊಂದು ಬೈಕು ತೆಗೆದು, ಹಂಪ್ ಬಂದಲ್ಲೆಲ್ಲ ನಿಧಾನ ಮಾಡಿ, ಅರ್ಧ ಊರು ಸುತ್ತಿಸಿ ಕರೆತಂದ.

"ನೀನಾಗಿದ್ರೆ ಇದನ್ನೇ ತಗೋತಿದ್ಯಾ?"

ಹೂಂ ಅಂದುಬಿಟ್ಟರೆ ಬೈಕು ಮಾರಿದಂತೆಯೇ. ಆದರೆ ಸುಳ್ಳು ಬಾಯಿಗೆ ಬರಲಿಲ್ಲ.

"ಇಲ್ಲ ಸರ್. ಅಪರೂಪಕ್ಕಾದ್ರೆ ಸರಿ, ಆದ್ರೆ ಹಿಂದಿನ ಸೀಟು ಕಲ್ಲಿದ್ದ ಹಾಗಿದೆ. ನನ್ನ ಹಿಂದೆ ಜೀವನಪೂರ್ತಿ ಕೂರೋಳು ಒಬ್ಬಳಿದ್ದಾಳೆ," ಅಂದು ನಾಚಿದ.

ಹಿರಿಯರು ಸೊಂಟ ನೀವಿಕೊಳ್ಳುತ್ತಾ ಫೋನ್ ತೆಗೆದರು.

"ಇಂಚರಾ, ನಿನ್ನ ಹುಡುಗನ ಹಿಂದೆ ಕೂತು ನೋಡಿದೆ ಕಣಮ್ಮ. ಭಾನುವಾರ ಮನೆಗೆ ಕರಿ."