ಎರಡನೆಯ ಸೀಸದ ಗುಂಡು

ಬುಗುರಿ ಗರ್ಭಗುಡಿಯ ದೀಪದಂತೆ ಅಲುಗದೆ ನಿಂತು ತಿರುಗುವುದನ್ನು ಕಂಡು ಕಾವೇರಮ್ಮನ ಮುಖ ಬಾಡಿತು. “ಅಪ್ಪಾ, ಸೀಸದ ಗುಂಡು ಒಂದೇ ಪಕ್ಕಕ್ಕೆ ಕೂರ್ಸು ಅಂದಿದ್ನಲ್ಲ?”

“ಹಂಗೆ ಕೂರ್ಸಿದ್ರೆ ಓಲಾಡ್ತೈತೆ ಕಣವ್ವ. ಅದ್ಕೇ ಎದುರುಗಡೆ ಇನ್ನೊಂದು ಕೂರಿಸ್ಬುಟ್ಟೆ,” ಎಂದರು ಚನ್ನಪಟ್ಟಣದಲ್ಲಿ ನಲವತ್ತು ವರ್ಷ ಗೊಂಬೆ ಕಡೆದ ಚಲುವಯ್ಯ. “ಓಲಾಡೋ ಬುಗುರಿ ಈ ಮನೆಯಿಂದ ಆಚೆ ಹೋದ್ರೆ ನಿಮ್ಮವ್ವ ಮೇಲಿಂದ ಇಳಿದುಬಂದು ಕಿವಿ ಹಿಂಡ್ತಾಳೆ.”

ಉಪಗ್ರಹದ ಕಚೇರಿಯಲ್ಲಿ ಲೆಕ್ಕ ಹಾಕುವ ಮಗಳು ನಗಲಿಲ್ಲ. “ನಮ್ಮ ಉಪಗ್ರಹಾನೂ ತಿರುಗ್ತಾ ತಿರುಗ್ತಾ ವಾಲ್ತೈತೆ. ಭೂಮಿ ಅಯಸ್ಕಾಂತದಂಗೆ ಅದನ್ನ ಎಳೆದು ವಾಲಿಸೋದನ್ನ ಕಚೇರೀಲಿ ಎಲ್ಲ ಒಪ್ತಾರೆ. ಉಪಗ್ರಹದ ಮೈಭಾರ ಎಲ್ಲಾ ಕಡೆ ಒಂದೇ ಸಮ ಇಲ್ಲ, ಭೂಮಿ ಆ ಭಾರಾನೂ ಹಿಡಿದು ವಾಲಿಸ್ತೈತೆ ಅಂದ್ರೆ, ಅದು ಲೆಕ್ಕಕ್ಕಿಲ್ಲ ಬುಡಮ್ಮ ಅಂತಾರೆ. ನಾಳೆ ಈ ಬುಗುರೀಲಿ ಕಣ್ಣಿಗೆ ಕಾಣೋ ಹಂಗೆ ತೋರಿಸದೆ ಹೋದ್ರೆ ನನ್ನ ವರದಿ ಕಸದ ಬುಟ್ಟಿಗೆ.”

ಚಲುವಯ್ಯ ಗೋಡೆಯಲ್ಲಿದ್ದ ಹೆಂಡತಿಯ ಪಟವನ್ನೊಮ್ಮೆ ನೋಡಿದರು. ಅಪ್ರಮೇಯಸ್ವಾಮಿಯನ್ನು ನೆನೆದು ಉಳಿ ಹಿಡಿದು, ತಾವೇ ಅರಗು ಮೆತ್ತಿ ಮುಚ್ಚಿದ್ದ ಎರಡನೆಯ ಗುಂಡನ್ನು ಕಿತ್ತು ತೆಗೆದರು. ದಾರ ಸುತ್ತಿ ಬಿಟ್ಟರು. ಬುಗುರಿ ವಾಲಿತು, ವಾಲಿಕೊಂಡೇ, ಬೀಳದೆ, ನೆಲದ ಮೇಲೆ ಸುತ್ತು ಹಾಕಿತು. ಮಗಳು ಬಗ್ಗಿ ಅದನ್ನೇ ನೋಡುತ್ತಿದ್ದಳು.

“ಯಾರು ಮಾಡಿದ್ದು ಅಂತ ಕೇಳಿದ್ರೆ, ನನ್ನ ಹೆಸ್ರೇ ಹೇಳವ್ವ,” ಎಂದರು ಚಲುವಯ್ಯ.